ಔಟ್ ಆಫ್ ಔಟ್ ಇಲ್ಲದ ಆಟ

2021ರ ಆಗಸ್ಟ್ 7, ಶನಿವಾರ. ಆ ದಿನ ಸಂಜೆ ನೀರಜ್ ಚೋಪ್ರಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭರ್ಜಿ ಎಸೆದು ಚಿನ್ನ ಗೆದ್ದದ್ದು ಎಲ್ಲರಿಗೂ ನೆನಪಿದೆ. ಅದೇ ದಿನ ಬೆಳಗ್ಗೆ ನಡೆದದ್ದು ಅಷ್ಟಾಗಿ ನೆನಪಿಲ್ಲ. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಗಾಲ್ಫ್‌ನಲ್ಲಿ ಪದಕದ ಬಾಗಿಲಿಗೆ ಬಂದು ನಿಂತಿದ್ದಳು. ಆಗ ಅವಳು ವಿಶ್ವ ಶ್ರೇಯಾಂಕದಲ್ಲಿ 200ನೇ ಸ್ಥಾನದಲ್ಲಿದ್ದವಳು. ಬ್ಯಾಗ್ ಹೊತ್ತು ಜೊತೆಗೆ ನಡೆಯುತ್ತಿದ್ದದ್ದು ಅವಳ ಅಮ್ಮ. ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದವರೂ ಅವತ್ತು ಟಿವಿ ಮುಂದೆ ಕೂತರು. ನಾಲ್ಕು ದಿನ, 72 ಗುಳಿ, 269 ಹೊಡೆತ. ಕೊನೆಗೆ ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು. ನಾಲ್ಕನೇ ಸ್ಥಾನ.

"ಅಯ್ಯೋ, ಒಂದೇ ಒಂದು ಹೊಡೆತ!" ಅಂತ ಅವತ್ತು ಎಲ್ಲರೂ ಅಂದರು. ಮಾತು ನಿಜ. ಆದರೆ 269ರಲ್ಲಿ ಆ ಒಂದು ಹೊಡೆತ ಯಾವುದು? ಕೊನೆಯ ಗುಳಿಯದಾ? ಮೊದಲ ದಿನ ಎಲ್ಲೋ ಹೋಗಿದ್ದಾ? ಯಾರೂ ಬೆರಳಿಟ್ಟು ತೋರಿಸಲಾರರು. ತಪ್ಪೇ ಇಲ್ಲದ ಆಟ ಅಂತ ಗಾಲ್ಫ್‌ನಲ್ಲಿ ಇಲ್ಲ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಕೂಡ ತಪ್ಪು ಮಾಡಿಕೊಂಡೇ ಗೆದ್ದಳು. ಅವಳ ತಪ್ಪುಗಳು ಎರಡು ಹೊಡೆತದಷ್ಟು ಕಡಿಮೆ ಇದ್ದವು, ಅಷ್ಟೆ.

ಶ್ರೀಮಂತರ ಈ ಆಟದ ಬಗ್ಗೆ ನಮ್ಮ ಹಳ್ಳಿ ಓದುಗರಿಗೆ ಯಾಕೆ ಬರೆಯಬೇಕು ಅಂತ ನೀವು ಕೇಳಬಹುದು. ಕಾರಣ ಇದೆ. "ನೂರಕ್ಕೆ ನೂರು" ಅನ್ನುವ ಹುಚ್ಚು ನಮ್ಮ ಮನೆಗಳ ಒಳಗೂ ಬಂದು ಕೂತಿದೆ. ಆ ಹುಚ್ಚಿನ ಲಾಭ, ನಷ್ಟ ಎರಡನ್ನೂ ಗಾಲ್ಫ್‌ನಷ್ಟು ಚೆನ್ನಾಗಿ ತೋರಿಸುವ ಆಟ ಇನ್ನೊಂದಿಲ್ಲ.

ಗೋಲಿ ಆಟದ ಅಣ್ಣ

ಗೊತ್ತಿಲ್ಲದವರಿಗೆ ಎರಡು ಮಾತು. ಚಿಕ್ಕಂದಿನಲ್ಲಿ ಗೋಲಿ ಆಡಿದ್ದರೆ ನಿಮಗೆ ಗಾಲ್ಫ್ ಅರ್ಧ ಗೊತ್ತು ಅಂತಲೇ ಲೆಕ್ಕ. ನೆಲದಲ್ಲಿ ಒಂದು ಗುಳಿ. ಅದರೊಳಗೆ ಗೋಲಿ ಬೀಳಿಸಬೇಕು. ಗಾಲ್ಫ್‌ನಲ್ಲಿ ಗುಳಿ ನಾನೂರು, ಐನೂರು ಗಜ ದೂರ ಇರುತ್ತೆ. ಅಂಥ 18 ಗುಳಿ. ಗುಳಿಯ ಅಗಲ ನಾಲ್ಕೂಕಾಲು ಇಂಚು, ಅಂದರೆ ಕಾಫಿ ಲೋಟಕ್ಕಿಂತ ಸ್ವಲ್ಪ ದೊಡ್ಡದು. ಚೆಂಡಿನ ತೂಕ 46 ಗ್ರಾಂ. ಪ್ರತಿ ಗುಳಿಗೂ "ಪಾರ್" ಅಂತ ಒಂದು ಲೆಕ್ಕ ಇಟ್ಟಿರುತ್ತಾರೆ. ಒಳ್ಳೆಯ ಆಟಗಾರ ಇಲ್ಲಿ ಮೂರು, ನಾಲ್ಕು ಅಥವಾ ಐದು ಹೊಡೆತದಲ್ಲಿ ಮುಗಿಸಬಹುದು ಅನ್ನುವ ಅಂದಾಜು ಅದು. 18 ಗುಳಿಯದೂ ಕೂಡಿದರೆ ಸಾಮಾನ್ಯವಾಗಿ 72 ಬರುತ್ತೆ. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದರು.

ಈಗ ವಿಷಯಕ್ಕೆ ಬರೋಣ. ಕ್ರಿಕೆಟ್‌ನಲ್ಲಿ ಬೌಲರ್ ಹತ್ತಕ್ಕೆ ಹತ್ತು ವಿಕೆಟ್ ತೆಗೆಯಬಹುದು. ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ತೆಗೆದೂ ತೋರಿಸಿದರು. ಪರೀಕ್ಷೆಯಲ್ಲಿ ಔಟ್ ಆಫ್ ಔಟ್ ತೆಗೆಯಬಹುದು. ಗಾಲ್ಫ್‌ನಲ್ಲಿ ಔಟ್ ಆಫ್ ಔಟ್ ಯಾವುದು? ಪ್ರತಿ ಗುಳಿಗೆ ಒಂದೇ ಹೊಡೆತ ಅಂದರೆ 18. ಅದು ಕನಸಿನಲ್ಲೂ ಆಗದ ಮಾತು. ಹೋಗಲಿ, ಪ್ರತಿ ಗುಳಿಯಲ್ಲೂ ಪಾರ್‌ಗಿಂತ ಒಂದು ಕಡಿಮೆ ಅಂದರೆ 54. ಸ್ವೀಡನ್ನಿನ ಕೋಚ್ ಪಿಯಾ ನಿಲ್ಸನ್ ತಮ್ಮ ಹುಡುಗಿಯರಿಗೆ ಈ 54ರ ಕನಸನ್ನೇ ಕಟ್ಟಿಕೊಟ್ಟರು. ಆ ಗರಡಿಯಿಂದ ಬಂದ ಆನಿಕಾ ಸೋರೆನ್‌ಸ್ಟಾಮ್ 2001ರಲ್ಲಿ 59ಕ್ಕೆ ಮುಗಿಸಿದಳು. ಅಮೆರಿಕದ ಮಹಿಳಾ ಟೂರ್‌ನಲ್ಲಿ ಅದು ದಾಖಲೆ. ಆದರೂ 54ಕ್ಕೆ ಇನ್ನೂ ಐದು ಬಾಕಿ.

ಗಂಡಸರ ಪಿಜಿಎ ಟೂರ್‌ನಲ್ಲಿ ಅತಿ ಕಡಿಮೆ ಅಂದರೆ 58. ಹೊಡೆದವರು ಜಿಮ್ ಫ್ಯೂರಿಕ್, 2016ರಲ್ಲಿ. ಈ ಮನುಷ್ಯ ದಾಂಡು ಬೀಸುವ ರೀತಿ ನೋಡಿದರೆ ನಗು ಬರುತ್ತೆ. ಮೇಲಕ್ಕೆ ಎತ್ತಿ, ಸುತ್ತು ಹೊಡೆಸಿ, ಇನ್ಯಾವುದೋ ದಾರಿಯಲ್ಲಿ ಕೆಳಗೆ ತರುತ್ತಾರೆ. ಯಾವ ಪುಸ್ತಕದಲ್ಲೂ ಹಾಗೆ ಬೀಸಿ ಅಂತ ಇಲ್ಲ. ಅಪ್ಪನೇ ಅವರಿಗೆ ಕೋಚ್. ಮಗನಿಗೆ ಬಂದ ರೀತಿಯನ್ನು ಬದಲಿಸದೆ ಹಾಗೇ ಬೆಳೆಸಿದರು. ನೋಡೋಕೆ ಚಂದ ಇಲ್ಲದ ಆ ಬೀಸೇ ದಾಖಲೆ ಬರೆಯಿತು. ಇನ್ನೊಂದು ತಮಾಷೆ ಕೇಳಿ. 58 ಹೊಡೆದರೂ ಫ್ಯೂರಿಕ್ ಆ ಟೂರ್ನಿ ಗೆಲ್ಲಲಿಲ್ಲ. ಮೊದಲ ಮೂರು ದಿನದ ಆಟ ಸಾಧಾರಣ ಇದ್ದದ್ದರಿಂದ ಐದನೇ ಸ್ಥಾನ ಹಂಚಿಕೊಂಡರು.

ಎರಡು ಡಿಗ್ರಿಯ ಲೆಕ್ಕ

ಇಷ್ಟು ಕಷ್ಟ ಯಾಕೆ? ಒಂದು ಸಣ್ಣ ಲೆಕ್ಕ ಹಾಕಿ. 250 ಗಜ ದೂರಕ್ಕೆ ಚೆಂಡು ಹೊಡೆಯುತ್ತೀರಿ. ದಿಕ್ಕು ಬರೀ ಎರಡು ಡಿಗ್ರಿ ಓರೆಯಾಯಿತು ಅಂದುಕೊಳ್ಳಿ. ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂದು ಸಲ ಟಿಕ್ ಅಂದರೆ ಆರು ಡಿಗ್ರಿ. ಅದರ ಮೂರನೇ ಒಂದು ಭಾಗ. ಅಷ್ಟಕ್ಕೇ ಚೆಂಡು ಗುರಿಯಿಂದ ಸುಮಾರು 26 ಅಡಿ ಪಕ್ಕಕ್ಕೆ ಬೀಳುತ್ತೆ. ಅಲ್ಲಿ ಮರಳಿನ ಹೊಂಡ ಇರಬಹುದು, ಪೊದೆ ಇರಬಹುದು, ನೀರು ಇರಬಹುದು. ಇದರ ಮೇಲೆ ಗಾಳಿ, ಇಳಿಜಾರು, ಹುಲ್ಲಿನ ಹಸಿ, ಬಿಸಿಲು.

ಹತ್ತಿರದಿಂದ ಗುಳಿಗೆ ತಳ್ಳುವುದು ಸುಲಭ ಅಂದುಕೊಂಡಿದ್ದರೆ ಅದೂ ತಪ್ಪು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅನ್ನುವ ಪ್ರೊಫೆಸರ್ ಅಮೆರಿಕದ ವೃತ್ತಿಪರ ಆಟಗಾರರ ಲಕ್ಷಾಂತರ ಹೊಡೆತಗಳ ಲೆಕ್ಕ ಇಟ್ಟರು. ಜಗತ್ತಿನ ಅತಿ ದೊಡ್ಡ ಆಟಗಾರರೂ ಎಂಟು ಅಡಿ ದೂರದಿಂದ ತಳ್ಳಿದಾಗ ಚೆಂಡು ಗುಳಿಗೆ ಬೀಳುವುದು ಸುಮಾರು ಅರ್ಧದಷ್ಟು ಸಲ ಮಾತ್ರ. ಇಪ್ಪತ್ತು ಅಡಿಯಿಂದಾದರೆ ಏಳು ಸಲ ತಳ್ಳಿದರೆ ಒಂದು ಬೀಳುತ್ತೆ. ಎಂಟು ಅಡಿ ಅಂದರೆ ನಮ್ಮ ಮನೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆ. ದಿನಕ್ಕೆ ನೂರಾರು ಸಲ ಅದನ್ನೇ ಅಭ್ಯಾಸ ಮಾಡುವವರು, ಕೋಟಿ ಕೋಟಿ ದುಡಿಯುವವರು, ಎರಡಕ್ಕೆ ಒಂದು ಸಲ ತಪ್ಪುತ್ತಾರೆ.

ಅಂದರೆ ಗಾಲ್ಫ್ ಆಡುವವನು ತಪ್ಪುಗಳ ಮಧ್ಯೆಯೇ ಬದುಕಬೇಕು. ಹಾಗಿದ್ದೂ ಇದೇ ಆಟ ಮನುಷ್ಯರಿಗೆ ಪರಿಪೂರ್ಣತೆಯ ಹುಚ್ಚು ಹಿಡಿಸಿದಷ್ಟು ಬೇರೆ ಆಟ ಹಿಡಿಸಿಲ್ಲ. ಚೆಂಡು ಸುಮ್ಮನೆ ಕೂತಿರುತ್ತೆ. ಎದುರಾಳಿ ಬಂದು ತಡೆಯುವುದಿಲ್ಲ. ಬೌಲರ್ ಮೋಸ ಮಾಡುವುದಿಲ್ಲ. ಹಾಗಾಗಿ ತಪ್ಪಾದರೆ ಬೇರೆಯವರ ಮೇಲೆ ಹಾಕುವಂತಿಲ್ಲ. "ನಾನೇ ಸರಿ ಹೋದರೆ ಎಲ್ಲ ಸರಿ ಹೋಗುತ್ತೆ" ಅನ್ನಿಸಿಬಿಡುತ್ತೆ. ಹುಚ್ಚು ಶುರುವಾಗುವುದು ಅಲ್ಲಿಂದ.

ಕಮ್ಮಾರನ ಮಗ

ಈ ಹುಚ್ಚಿನ ದೊಡ್ಡ ಹೆಸರು ಬೆನ್ ಹೋಗನ್. ಅಮೆರಿಕದ ಟೆಕ್ಸಾಸ್‌ನವನು, ಹುಟ್ಟಿದ್ದು 1912ರಲ್ಲಿ. ಅಪ್ಪ ಕಮ್ಮಾರ. ಬೆನ್‌ಗೆ ಒಂಬತ್ತು ವರ್ಷ ಇದ್ದಾಗ ಅಪ್ಪ ಆತ್ಮಹತ್ಯೆ ಮಾಡಿಕೊಂಡ. ಹುಡುಗ ರೈಲ್ವೆ ಸ್ಟೇಷನ್ನಿನಲ್ಲಿ ಪೇಪರ್ ಮಾರಿದ. ಆಮೇಲೆ ಗಾಲ್ಫ್ ಕ್ಲಬ್ಬಿನಲ್ಲಿ ಸಾಹುಕಾರರ ಬ್ಯಾಗ್ ಹೊರುವ ಕ್ಯಾಡಿಯಾದ. ಹದಿಹರೆಯದಲ್ಲೇ ವೃತ್ತಿಪರ ಆಟಗಾರನಾದರೂ ಒಬ್ಬನೇ ಆಡಿ ಮೊದಲ ದೊಡ್ಡ ಟೂರ್ನಿ ಗೆಲ್ಲಲು 1940 ಬರಬೇಕಾಯಿತು. ಮಧ್ಯದ ಹತ್ತು ವರ್ಷ ಕೈಯಲ್ಲಿ ಕಾಸಿಲ್ಲ. ಅವನ ಚೆಂಡು ಎಡಕ್ಕೆ ತಿರುಗಿ ತಿರುಗಿ ಹಾಳಾಗುತ್ತಿತ್ತು. ಅದನ್ನು ಸರಿ ಮಾಡಲು ಬೆಳಗ್ಗೆಯಿಂದ ಕತ್ತಲಾಗುವವರೆಗೆ ಒಬ್ಬನೇ ಹೊಡೆಯುತ್ತಿದ್ದ. ಆಗಿನ ಆಟಗಾರರಿಗೆ ಟೂರ್ನಿ ಮುಗಿದ ಮೇಲೂ ಅಭ್ಯಾಸ ಮಾಡುವುದು ಹೊಸದು. ಅದನ್ನು ವೃತ್ತಿಯ ಭಾಗ ಮಾಡಿದವರಲ್ಲಿ ಇವನು ಮುಂಚೂಣಿಯವನು.

1949ರ ಫೆಬ್ರುವರಿ 2ರಂದು ಮಂಜು ಕವಿದ ರಸ್ತೆಯಲ್ಲಿ ಅವನ ಕಾರಿಗೆ ಎದುರಿನಿಂದ ಬಸ್ಸು ಗುದ್ದಿತು. ಹೆಂಡತಿಯನ್ನು ಕಾಪಾಡಲು ಅವಳಿಗೆ ಅಡ್ಡಲಾಗಿ ಬಿದ್ದ. ಸೊಂಟದ ಎಲುಬು, ಭುಜದ ಎಲುಬು, ಕಾಲಿನ ಗಂಟು ಮುರಿದವು. ಮತ್ತೆ ನಡೆಯುವುದೇ ಅನುಮಾನ ಅಂದರು. ಹದಿನಾರು ತಿಂಗಳ ನಂತರ, ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಆಡಿ 1950ರ ಅಮೆರಿಕ ಓಪನ್ ಗೆದ್ದ. 1953ರಲ್ಲಿ ಆಡಿದ ಮೂರು ಮೇಜರ್‌ಗಳನ್ನೂ ಗೆದ್ದ. ಒಟ್ಟು ಒಂಬತ್ತು ಮೇಜರ್. ಅದರಲ್ಲಿ ಆರು ಅಪಘಾತದ ನಂತರದವು.

ಇಷ್ಟು ಕೇಳಿದರೆ "ಪರಿಪೂರ್ಣತೆಯ ಹಿಂದೆ ಬಿದ್ದರೆ ಹೀಗೆ ಗೆಲ್ಲಬಹುದು" ಅನ್ನಿಸುತ್ತೆ. ಕಥೆಗೆ ಇನ್ನೊಂದು ತುದಿಯೂ ಇದೆ. ಚೆಂಡನ್ನು ದೂರಕ್ಕೆ ನೇರವಾಗಿ ಹೊಡೆಯುವುದರಲ್ಲಿ ಹೋಗನ್‌ನನ್ನು ಮೀರಿಸಿದವರಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ಅಂಥವನೇ ವಯಸ್ಸಾಗುತ್ತಾ ಮೂರು, ನಾಲ್ಕು ಅಡಿಯ ಚೆಂಡನ್ನು ಗುಳಿಗೆ ತಳ್ಳಲಾರದೆ ಪರದಾಡಿದ. ಚೆಂಡಿನ ಮುಂದೆ ನಿಂತರೆ ಕೈ ಚಲಿಸುತ್ತಿರಲಿಲ್ಲ. ಒಂದು ಕಡೆ ಮುಚ್ಚಿದ ತೂತು ಇನ್ನೊಂದು ಕಡೆ ಬಿಟ್ಟುಕೊಂಡಿತು.

ಗೆದ್ದ ಮೇಲೂ ಕೆಡವಿ ಕಟ್ಟಿದವನು

ಟೈಗರ್ ವುಡ್ಸ್ ಹೆಸರು ನೀವು ಕೇಳಿರುತ್ತೀರಿ. 1997ರಲ್ಲಿ, 21ನೇ ವಯಸ್ಸಿಗೆ, ಮಾಸ್ಟರ್ಸ್ ಟೂರ್ನಿಯನ್ನು 12 ಹೊಡೆತಗಳ ಅಂತರದಲ್ಲಿ ಗೆದ್ದ. ಬೇರೆ ಯಾರಾದರೂ ಆಗಿದ್ದರೆ ಅದೇ ದಾರಿಯಲ್ಲಿ ಮುಂದುವರಿಯುತ್ತಿದ್ದರು. ಇವನು ತನ್ನ ಆಟದ ವಿಡಿಯೊ ನೋಡಿ, ಬೀಸಿನಲ್ಲಿ ಹುಳುಕಿದೆ ಅಂದ. ಕೋಚ್ ಬುಚ್ ಹಾರ್ಮನ್ ಜೊತೆ ಕೂತು ಪೂರ್ತಿ ಬೀಸನ್ನೇ ಬಿಚ್ಚಿ ಹೊಸದಾಗಿ ಜೋಡಿಸಲು ಹೊರಟ. ಗಟ್ಟಿಯಾಗಿರುವ ಮನೆಯನ್ನು ಕೆಡವಿ, ಅದೇ ಪಾಯದ ಮೇಲೆ ಮತ್ತೆ ಕಟ್ಟಿದ ಹಾಗೆ. 1998ರಲ್ಲಿ ಪಿಜಿಎ ಟೂರ್‌ನಲ್ಲಿ ಒಂದೇ ಒಂದು ಗೆಲುವು. ಜನ ಆಡಿಕೊಂಡರು. 1999ರಲ್ಲಿ ಎಂಟು ಗೆದ್ದ. 2000ದಲ್ಲಿ ಒಂಬತ್ತು, ಅದರಲ್ಲಿ ಮೂರು ಮೇಜರ್.

ಆ ವರ್ಷದ ಅಮೆರಿಕ ಓಪನ್ ಪೆಬಲ್ ಬೀಚ್‌ನಲ್ಲಿ ನಡೆಯಿತು. ವುಡ್ಸ್ ಗೆದ್ದದ್ದು 15 ಹೊಡೆತದ ಅಂತರದಿಂದ. ಮೇಜರ್ ಟೂರ್ನಿಗಳ ಇತಿಹಾಸದಲ್ಲಿ ಅಷ್ಟು ಅಂತರ ಯಾವುದೂ ಇಲ್ಲ. ಗಾಲ್ಫ್‌ನಲ್ಲಿ ಪರಿಪೂರ್ಣತೆಗೆ ಹತ್ತಿರ ಅಂತ ಯಾವುದನ್ನಾದರೂ ಕರೆಯುವುದಾದರೆ ಅದನ್ನೇ ಕರೆಯುತ್ತಾರೆ. ಆದರೆ ಅದೇ ಟೂರ್ನಿಯ ಮೂರನೇ ದಿನ, ಮೂರನೇ ಗುಳಿಯಲ್ಲಿ, ಅವನು ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ್ದಕ್ಕೆ ಏಳು ತೆಗೆದುಕೊಂಡ. ಉದ್ದ ಹುಲ್ಲಿನಲ್ಲಿ ಚೆಂಡು ಸಿಕ್ಕಿಹಾಕಿಕೊಂಡು ಒದ್ದಾಡಿದ. ಇತಿಹಾಸದ ಅತಿ ದೊಡ್ಡ ಗೆಲುವಿನ ಕಾರ್ಡಿನಲ್ಲಿ ಆ ಏಳು ಇವತ್ತಿಗೂ ಇದೆ. ಅದನ್ನು ಅಳಿಸುವುದಕ್ಕೆ ಆಗುವುದಿಲ್ಲ, ಅಳಿಸಬೇಕಾಗಿಯೂ ಇಲ್ಲ. ಏಳು ಬಂದ ಮೇಲೆ ನಾಲ್ಕನೇ ಗುಳಿಗೆ ಹೋಗಿ ಹೊಸದಾಗಿ ಆಡಿದ್ದೇ ಅವನ ದೊಡ್ಡತನ ಅಂತ ನನಗೆ ಅನ್ನಿಸುತ್ತೆ.

ಆಮೇಲೆ ಏನಾಯಿತು? ವುಡ್ಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಹ್ಯಾಂಕ್ ಹೇನಿ ಜೊತೆ ಎರಡನೇ ಸಲ ಬೀಸು ಬದಲಿಸಿದ. 2005ರಿಂದ 2008ರೊಳಗೆ ಇನ್ನೂ ಆರು ಮೇಜರ್ ಗೆದ್ದ. 2008ರದ್ದನ್ನು ಕಾಲಿನ ಎಲುಬು ಬಿರುಕು ಬಿಟ್ಟಿದ್ದಾಗಲೇ ಗೆದ್ದ. 2010ರಲ್ಲಿ ಶಾನ್ ಫೋಲಿ ಜೊತೆ ಮೂರನೇ ಸಲ ಬದಲಿಸಿದ. ಮಂಡಿ ಹೋಯಿತು, ಬೆನ್ನು ಹೋಯಿತು. ಸಂಸಾರವೂ ಮುರಿಯಿತು. 2017ರಲ್ಲಿ ಬೆನ್ನುಮೂಳೆಯನ್ನು ಕೂಡಿಸುವ ಆಪರೇಷನ್ ಆಯಿತು. ಅಲ್ಲಿಂದ ಎದ್ದು ಬಂದು 2019ರಲ್ಲಿ, 43ನೇ ವಯಸ್ಸಿಗೆ, ಮತ್ತೆ ಮಾಸ್ಟರ್ಸ್ ಗೆದ್ದ. ಒಟ್ಟು 15 ಮೇಜರ್, 82 ಟೂರ್ ಗೆಲುವು.

ಹಾಗಾಗಿ "ಪರಿಪೂರ್ಣತೆಯ ಹಿಂದೆ ಬೀಳಬೇಡಿ" ಅಂತ ನಾನು ಸುಲಭವಾಗಿ ಹೇಳಲಾರೆ. ಹಿಂದೆ ಬೀಳದೇ ಇದ್ದಿದ್ದರೆ 2000ನೇ ವರ್ಷದ ವುಡ್ಸ್ ನಮಗೆ ಸಿಗುತ್ತಿರಲಿಲ್ಲ. ಆದರೆ ಬೆಲೆ ಎಷ್ಟು, ಅದನ್ನು ಕೊಟ್ಟದ್ದು ಯಾರು ಅನ್ನುವ ಪ್ರಶ್ನೆ ಇದ್ದೇ ಇದೆ. ಕೊಟ್ಟವನು ಅವನೇ. ತನ್ನ ಮೈಯಿಂದ, ತನ್ನ ಇಷ್ಟದಿಂದ ಕೊಟ್ಟ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದು ದಿನ 61, ಮರುದಿನ 77

ನಮ್ಮ ಅದಿತಿಗೆ ವಾಪಸ್ ಬರೋಣ. ಐದು ವರ್ಷದವಳಿದ್ದಾಗ ಬೆಂಗಳೂರಿನಲ್ಲಿ ಗಾಲ್ಫ್ ದಾಂಡು ಹಿಡಿದವಳು. 2016ರಲ್ಲಿ ರಿಯೊ ಒಲಿಂಪಿಕ್ಸ್ ಆಡಿದಾಗ ವಯಸ್ಸು 18. ಆಗ ಅಪ್ಪ ಬ್ಯಾಗ್ ಹೊತ್ತಿದ್ದರು, ಬಂದದ್ದು 41ನೇ ಸ್ಥಾನ. ದೂರ ಹೊಡೆಯುವುದರಲ್ಲಿ ಅವಳು ದೊಡ್ಡ ದೊಡ್ಡ ಆಟಗಾರ್ತಿಯರಿಗಿಂತ ಹಿಂದೆ. ಆದರೆ ಗುಳಿಯ ಹತ್ತಿರ ಅವಳ ಕೈ ಬಹಳ ಮೆದು. ಇದ್ದದ್ದರಲ್ಲಿ ಆಡುವವಳು.

2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್. ಮೊದಲ ದಿನ 67, ಎರಡನೇ ದಿನ 66. ಮೂರನೇ ದಿನ 61! ಏಳು ಹೊಡೆತ ಮುಂದೆ ಇದ್ದಳು. ಚಿನ್ನ ಕೊರಳಿಗೆ ಬಿದ್ದೇ ಬಿಟ್ಟಿತು ಅಂತ ಎಲ್ಲರೂ ಅಂದುಕೊಂಡರು. ನಾಲ್ಕನೇ ದಿನ 77. ಥಾಯ್ಲೆಂಡಿನ ಹುಡುಗಿ ಎರಡು ಹೊಡೆತದಿಂದ ಮುಂದೆ ಹೋದಳು. ಅದಿತಿಗೆ ಬೆಳ್ಳಿ.

ಅದೇ ಹುಡುಗಿ, ಅದೇ ದಾಂಡು, ಅದೇ ಮೈದಾನ. ಒಂದು ರಾತ್ರಿ ಕಳೆಯುವುದರೊಳಗೆ ಹದಿನಾರು ಹೊಡೆತದ ವ್ಯತ್ಯಾಸ. ಕೆಲವರು ಅದನ್ನು ಸೋಲು ಅಂದರು. ಆದರೆ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಪದಕ ಗೆದ್ದದ್ದು ಅದೇ ಮೊದಲು. 61 ಮಾತ್ರ ನಿಜವಾದ ಅದಿತಿ, 77 ಸುಳ್ಳು ಅಂತಲ್ಲ. ಹಾಗೆಯೇ 77 ನಿಜ, 61 ಅದೃಷ್ಟ ಅಂತಲೂ ಅಲ್ಲ. ಎರಡೂ ಅವಳೇ. ನಾಲ್ಕು ದಿನ ಕೂಡಿದಾಗ ಬಂದ ಲೆಕ್ಕವೇ ಅವಳು.

ಇದನ್ನು ಒಪ್ಪಿಕೊಳ್ಳಲು ದೊಡ್ಡವರಿಗೂ ವರ್ಷಗಳು ಬೇಕಾಗುತ್ತೆ. ಅಮೆರಿಕದ ಬಾಬಿ ಜೋನ್ಸ್ 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಆಡುವಾಗ ಮೂರನೇ ಸುತ್ತಿನ ಹನ್ನೊಂದನೇ ಗುಳಿಯಲ್ಲಿ, ಮರಳಿನ ಹೊಂಡದಿಂದ ಚೆಂಡು ಮೇಲೆ ಬರಲಿಲ್ಲ ಅಂತ ಸಿಟ್ಟು ಬಂದು ಸ್ಪರ್ಧೆಯನ್ನೇ ಕೈಬಿಟ್ಟ. ಆಗ ಅವನಿಗೆ 19 ವರ್ಷ. ಕೋಪವನ್ನು ನುಂಗಲು ಕಲಿತ ಮೇಲೆ, 1927ರಲ್ಲಿ ಅದೇ ಮೈದಾನದಲ್ಲಿ ಓಪನ್ ಗೆದ್ದ. 1930ರಲ್ಲಿ ಒಂದೇ ವರ್ಷ ನಾಲ್ಕೂ ದೊಡ್ಡ ಪ್ರಶಸ್ತಿ ಗೆದ್ದ. ಬಿಟ್ಟು ಓಡಿ ಬಂದ ಹುಡುಗನಿಗೆ ಅದೇ ಊರು 1958ರಲ್ಲಿ ಪೌರ ಸನ್ಮಾನ ಮಾಡಿತು.

ತಪ್ಪು ಮಾಡಲೂ ದುಡ್ಡು ಬೇಕು

ಈಗ ಯಾರೂ ಹೆಚ್ಚು ಮಾತಾಡದ ವಿಷಯ. ಪರಿಪೂರ್ಣತೆಗೆ ಬೇಕಾದದ್ದು ಸಾವಿರಾರು ತಪ್ಪು. ಆ ತಪ್ಪು ಮಾಡುವುದಕ್ಕೆ ಚೆಂಡು ಬೇಕು, ಮೈದಾನ ಬೇಕು, ಸಮಯ ಬೇಕು, ಮನೆಯಲ್ಲಿ ಅನ್ನ ಇರಬೇಕು. ದುಡ್ಡಿದ್ದವರ ಮಗ ಬೆಳಗ್ಗೆಯಿಂದ ಸಂಜೆವರೆಗೆ ಐನೂರು ಚೆಂಡು ಹೊಡೆದು ಐನೂರೂ ತಪ್ಪಬಹುದು. ಅವರ ಬ್ಯಾಗ್ ಹೊರುವ ಹುಡುಗನಿಗೆ ಆ ಭಾಗ್ಯ ಇಲ್ಲ.

ಬೆಂಗಳೂರಿನಲ್ಲಿ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಅಂದಿನಿಂದ ಇಂದಿನವರೆಗೆ ಈ ಆಟವನ್ನು ಹೆಗಲ ಮೇಲೆ ಹೊತ್ತು ನಡೆದವರು ಸುತ್ತಲಿನ ಹಳ್ಳಿ, ಕೇರಿಗಳ ಹುಡುಗರು. ಅವರಲ್ಲಿ ಕೆಲವರು ದಾಂಡನ್ನೂ ಹಿಡಿದರು. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಕಡೆಯ ಎಸ್. ಚಿಕ್ಕರಂಗಪ್ಪ ಹಳ್ಳಿಯ ಪಕ್ಕದಲ್ಲಿದ್ದ ಗಾಲ್ಫ್ ಮೈದಾನದಿಂದ ಬೆಳೆದು 2014ರಲ್ಲಿ ದೆಹಲಿಯಲ್ಲಿ ಪ್ಯಾನಸಾನಿಕ್ ಓಪನ್ ಗೆದ್ದರು. ಮಧ್ಯಪ್ರದೇಶದ ಮ್ಹೌನ ಮುಕೇಶ್ ಕುಮಾರ್ 2016ರಲ್ಲಿ ಅದೇ ಪ್ರಶಸ್ತಿ ಗೆದ್ದಾಗ ಅವರಿಗೆ 51 ವರ್ಷ! ಅವರೂ ಕ್ಯಾಡಿಯಾಗಿ ಶುರು ಮಾಡಿದವರೇ.

ಇವರ ಸಾಧನೆ ಕಡಿಮೆ ಅಲ್ಲ. ಆದರೆ ಇಂಥ ಹೆಸರುಗಳನ್ನು ಬೆರಳಲ್ಲಿ ಎಣಿಸುವ ಪರಿಸ್ಥಿತಿ ಯಾಕೆ ಅಂತ ಕೇಳಬೇಕು. ಪ್ರತಿಭೆಯ ಕೊರತೆ ಅಂತ ನಾನು ನಂಬುವುದಿಲ್ಲ. ತಪ್ಪು ಮಾಡಿ ಕಲಿಯುವ ಅವಕಾಶದ ಕೊರತೆ. ಒಂದು ವರ್ಷ ಆಟ ಕೆಟ್ಟರೆ ಸಾಹುಕಾರರ ಮಗ ಹೊಸ ಕೋಚ್ ಹುಡುಕುತ್ತಾನೆ, ಕ್ಯಾಡಿಯ ಮಗ ಕೂಲಿ ಹುಡುಕುತ್ತಾನೆ.

ಇನ್ನೊಂದು ಪರಿಪೂರ್ಣತೆ ಮೈದಾನದ್ದು. ಅಮೆರಿಕದ ಆಗಸ್ಟಾ ಮೈದಾನವನ್ನು ಟಿವಿಯಲ್ಲಿ ನೋಡಿ ಜಗತ್ತಿನ ಕ್ಲಬ್ಬುಗಳೆಲ್ಲ ಅಂಥದ್ದೇ ಹಸಿರು ಬೇಕು ಅಂತ ಹೊರಟವು. ಒಂದು ಹಳದಿ ಗರಿಕೆ ಕಾಣುವಂತಿಲ್ಲ. ಆ ಹಸಿರು ಬರುವುದು ನೀರಿನಿಂದ, ಔಷಧಿಯಿಂದ. ಆಟದ ತವರು ಸ್ಕಾಟ್ಲೆಂಡಿನಲ್ಲಿ ನೋಡಿ. ಸಮುದ್ರದಂಡೆಯ ಮರಳು ನೆಲ, ಹಿಂದೆ ಕುರಿ ಮೇಯುತ್ತಿದ್ದ ಹುಲ್ಲು. ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತೆ. ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನ ಸಾರ್ವಜನಿಕ ಜಾಗ. ಭಾನುವಾರ ಸಾಮಾನ್ಯವಾಗಿ ಆಟ ಇಲ್ಲ, ಊರಿನವರು ನಾಯಿ, ಮಕ್ಕಳ ಜೊತೆ ಓಡಾಡುತ್ತಾರೆ. ಉಬ್ಬು ತಗ್ಗು ಇದ್ದ ಹಾಗೇ ಇದೆ. ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಆಡಬೇಕು ಅನ್ನುವುದು ಈ ಆಟದ ಹಳೆಯ ನಿಯಮ. ಅಂಥ ಆಟಕ್ಕೆ ಕೊಳವೆಬಾವಿ ಬತ್ತುವ ಸೀಮೆಯಲ್ಲಿ ಬೇಸಿಗೆಯಲ್ಲೂ ಹಸಿರು ಜಮಖಾನೆ ಹಾಸಬೇಕು ಅನ್ನುವುದು ನ್ಯಾಯವಲ್ಲ.

ಇಪ್ಪತ್ತರಲ್ಲಿ ಎಂಟು

ಗಾಲ್ಫ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ಹ್ಯಾಂಡಿಕ್ಯಾಪ್ ಪದ್ಧತಿ. ಸಾಮಾನ್ಯ ಆಟಗಾರನನ್ನು ವುಡ್ಸ್ ಜೊತೆ ಹೋಲಿಸುವುದಿಲ್ಲ. ಅವನ ಇತ್ತೀಚಿನ 20 ಸುತ್ತುಗಳ ಲೆಕ್ಕ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಚೆನ್ನಾಗಿ ಆಡಿದ ಎಂಟನ್ನು ಮಾತ್ರ ಎಣಿಸುತ್ತಾರೆ. ಉಳಿದ ಹನ್ನೆರಡು ಕೆಟ್ಟ ದಿನಗಳನ್ನು ಪಕ್ಕಕ್ಕೆ ಇಡುತ್ತಾರೆ. ಆ ಎಂಟರ ಸರಾಸರಿಯಿಂದ ಅವನ ಮಟ್ಟ ನಿರ್ಧಾರ ಆಗುತ್ತೆ. ಆ ಮಟ್ಟದ ಪ್ರಕಾರ ಅವನಿಗೆ ಕೆಲವು ಹೊಡೆತ ರಿಯಾಯಿತಿ. ಹಾಗಾಗಿ ಹೊಸಬನೂ ಹಳೆ ಹುಲಿಯೂ ಒಟ್ಟಿಗೆ ಆಡಿ, ಹೊಸಬನೇ ಗೆಲ್ಲಬಹುದು. ಒಂದು ಗುಳಿಯಲ್ಲಿ ಎಷ್ಟೇ ಹೊಡೆತ ಹಾಳಾದರೂ, ಮಟ್ಟ ಲೆಕ್ಕ ಹಾಕುವಾಗ ಅದಕ್ಕೆ ಒಂದು ಮಿತಿ ಇದೆ. ಒಂದು ಕೆಟ್ಟ ಗುಳಿ ಇಡೀ ವರ್ಷವನ್ನು ನುಂಗಬಾರದು ಅನ್ನುವ ಯೋಚನೆ ಅದರಲ್ಲಿದೆ.

ಇಲ್ಲಿಗೆ ನಮ್ಮ ಊರಿನ ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪೇಪರ್ ತೆಗೆದು ನೋಡಿ. 625ಕ್ಕೆ 625 ತೆಗೆದ ಮಕ್ಕಳ ಬಾಯಿಗೆ ಸಿಹಿ ತುರುಕುವ ಫೋಟೊ. ವೃತ್ತದಲ್ಲಿ ಫ್ಲೆಕ್ಸ್. ಆ ಮಕ್ಕಳು ಕಷ್ಟಪಟ್ಟಿದ್ದಾರೆ, ಸಂತೋಷ. ಆದರೆ ಅದೇ ಬೀದಿಯಲ್ಲಿ 618 ತೆಗೆದ ಹುಡುಗಿ "ಏಳು ಎಲ್ಲಿ ಹೋಯ್ತು?" ಅನ್ನುವ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೂತಿರುತ್ತಾಳೆ. 400 ತೆಗೆದವನಿಗೆ ಯಾರೂ ಏನೂ ಕೇಳುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಫೇಲಾದ ಹುಡುಗನ ಮನೆ ಬಾಗಿಲು ಅವತ್ತು ತೆರೆಯುವುದೇ ಇಲ್ಲ. ಫಲಿತಾಂಶದ ವಾರದಲ್ಲಿ ಒಳಪುಟದಲ್ಲಿ ಎರಡು ಸಾಲಿನಲ್ಲಿ ಬರುವ ಸಾವಿನ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಆ ಮಕ್ಕಳು ಸತ್ತದ್ದು ಒಂದು ಗುಳಿ ಕೆಟ್ಟದ್ದಕ್ಕೆ. ಇನ್ನೂ ಹದಿನೇಳು ಗುಳಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೋಗನ್, ವುಡ್ಸ್ ಪರಿಪೂರ್ಣತೆಯ ಬೆಲೆಯನ್ನು ತಾವೇ ಆರಿಸಿಕೊಂಡು ಕೊಟ್ಟರು ಅಂತ ಹೇಳಿದೆನಲ್ಲ. ನಮ್ಮಲ್ಲಿ ಆಸೆ ದೊಡ್ಡವರದ್ದು, ಬೆಲೆ ಮಕ್ಕಳದ್ದು. ನನ್ನ ತಕರಾರು ಇಷ್ಟೇ. ಶ್ರದ್ಧೆ ಬೇಕು, ಅಭ್ಯಾಸ ಬೇಕು, ಒಂದು ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬೇಕು ಅನ್ನುವ ಹಟ ಬೇಕು. ಆದರೆ ಹಟ ಆ ಮಗುವಿನದ್ದಾಗಿರಲಿ. ಅಪ್ಪ, ಅಮ್ಮ, ಶಾಲೆ, ಕೋಚಿಂಗ್ ಸೆಂಟರ್ ಸೇರಿ ಹೊರಿಸಿದ್ದಾಗಬಾರದು.

ಸರ್ಕಾರ 2024ರಿಂದ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ ಒಂದು, ಎರಡು, ಮೂರು ಅಂತ ಮೂರು ಅವಕಾಶ ಕೊಡಲು ಶುರು ಮಾಡಿತು. ಯಾವುದರಲ್ಲಿ ಹೆಚ್ಚು ಬಂತೋ ಅದನ್ನು ಉಳಿಸಿಕೊಳ್ಳಬಹುದು. ಹೆಚ್ಚು ಕಡಿಮೆ ಗಾಲ್ಫ್‌ನ ಹ್ಯಾಂಡಿಕ್ಯಾಪ್ ಬುದ್ಧಿಯೇ ಇದು: ಒಳ್ಳೆಯ ದಿನವನ್ನು ಎಣಿಸು, ಕೆಟ್ಟ ದಿನವನ್ನು ಬಿಡು. ನಿಯಮ ಬದಲಾಯಿತು. ನಮ್ಮ ಮನಸ್ಸು ಇನ್ನೂ ಬದಲಾಗಿಲ್ಲ. ಎರಡನೇ ಪರೀಕ್ಷೆ ಬರೆಯುವ ಮಗುವನ್ನು ಇವತ್ತಿಗೂ ಕೆಳಗಣ್ಣಿನಿಂದಲೇ ನೋಡುತ್ತೇವೆ.

ವಿಚಿತ್ರ ಅಂದರೆ, ಈ ಬುದ್ಧಿ ನಮ್ಮ ರೈತರಿಗೆ ಹೊಸದಲ್ಲ. ಬೆಳೆಯನ್ನು ಆಣೆ ಲೆಕ್ಕದಲ್ಲಿ ಅಳೆಯುವವರು ನಾವು. ಹದಿನಾರಾಣೆ ಬೆಳೆ ಯಾವ ವರ್ಷ ಬಂದಿತ್ತು ಅಂತ ಯಾವ ರೈತನನ್ನಾದರೂ ಕೇಳಿ, ತಲೆ ಕೆರೆದುಕೊಳ್ಳುತ್ತಾನೆ. ಹನ್ನೆರಡಾಣೆ ಬಂದರೆ ಹಬ್ಬ. ಎಂಟಾಣೆ ಬಂದರೆ "ಹೋಗಲಿ, ಮುಂದಿನ ಮಳೆ ನೋಡೋಣ" ಅಂತ ಬೀಜ ಎತ್ತಿಡುತ್ತಾನೆ. ಒಂದು ಸಾಲು ಓರೆಯಾಯಿತು ಅಂತ ಯಾರೂ ನೇಗಿಲು ಬಿಸಾಕಿ ಮನೆಗೆ ಬರುವುದಿಲ್ಲ. ಹೊಲದಲ್ಲಿ ಇಷ್ಟು ತಿಳಿದವರು, ಮಗನ ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಕೂಡಲೇ ಹದಿನಾರಾಣೆಯೇ ಬೇಕು ಅಂತ ಹಟ ಹಿಡಿಯುತ್ತೇವಲ್ಲ!

ಈ ಸಲ ಫಲಿತಾಂಶ ಬಂದಾಗ ಒಂದು ಕೆಲಸ ಮಾಡಿ ನೋಡಿ. ಪಕ್ಕದ ಮನೆಯವರ ಮಾರ್ಕ್ಸ್ ಕೇಳುವ ಮೊದಲು, ನಿಮ್ಮ ಮಗುವಿನ ಹೋದ ವರ್ಷದ ಕಾರ್ಡನ್ನೂ ಈ ವರ್ಷದ ಕಾರ್ಡನ್ನೂ ಅಕ್ಕಪಕ್ಕ ಇಡಿ. ಎಲ್ಲಿ ಎರಡು ಹೊಡೆತ ಉಳಿಸಿದೆ ಅಂತ ಮಗುವಿನ ಜೊತೆ ಕೂತು ಹುಡುಕಿ. ಕೆಟ್ಟ ಗುಳಿಯ ಬಗ್ಗೆಯೂ ಮಾತಾಡಿ, ಆದರೆ ಮುಂದಿನ ಗುಳಿ ತೋರಿಸುತ್ತಾ ಮಾತಾಡಿ. ಅಷ್ಟು ಮಾಡಿದರೆ ಸಾಕು.